ಗುನ್ವೋರಳ ದಕ್ಷಿಣ

"ಎಳೀರೋ, ನಿಧಾನಕ್ಕೆ ಎಳೀರೋ! ಮೀನಿನ ಪೆಟ್ಟಿಗೆ ಅಲ್ಲ ಅದು, ನನ್ನ ಹೆಂಡತಿ!" ಎಂದು ಐಲರ್ಟ್ ಹಿಂದಿನಿಂದ ಕೂಗಿದ.

ಹಗ್ಗ ಹಿಡಿದಿದ್ದ ಆರು ಜನ ಗಂಡಸರು ನಿಂತು ಉಸಿರು ಬಿಟ್ಟರು. ನಿನ್ನೆ ಬಿದ್ದ ಹಿಮಕ್ಕೆ ದಾರಿಯೇ ಮುಚ್ಚಿಹೋಗಿತ್ತು. ಹಿಮ ತೆಗೆಯುವ ಗಾಡಿ ಗುಡ್ಡದ ತಿರುವಿನಲ್ಲಿ ಹೂತುಕೊಂಡಿತ್ತು. ಅದನ್ನು ಓಡಿಸುವ ಸ್ಟೈನಾರ್ ಈಗ ತಪ್ಪಿತಸ್ಥನ ಮುಖ ಹೊತ್ತು ಎಲ್ಲರಿಗಿಂತ ಮುಂದೆ ಹಗ್ಗಕ್ಕೆ ಹೆಗಲು ಕೊಟ್ಟಿದ್ದ. ಹೀಗಾಗಿ ಗುನ್ವೋರಳ ಶವಪೆಟ್ಟಿಗೆ ಮನೆಯಿಂದ ಚರ್ಚಿಗೆ ಹಳೆಯ ಕಾಲದವರಂತೆ ಜಾರುಬಂಡಿಯ ಮೇಲೆ ಹೊರಟಿತ್ತು.

"ಉತ್ತರಕ್ಕೆ ವಾಲ್ತಾ ಇದೆ ನೋಡ್ರೋ," ಎಂದಳು ಪಕ್ಕದ ಮನೆಯ ಪೆಟ್ರಾ, ಲಾಟೀನು ಎತ್ತಿ ಹಿಡಿದು. ಎಂಬತ್ತಾಗಿದ್ದರೂ ಅವಳ ಗಂಟಲು ಕಡಲಿನಾಚೆಗೆ ಕೇಳುತ್ತಿತ್ತು. "ದಕ್ಷಿಣದ ಹಗ್ಗ ಬಿಗಿ ಮಾಡಿ!"

"ಯಾವ ಹಗ್ಗ?" ಎಂದು ಟೋರ್ಡಿಸ್ ಕೇಳಿದಳು. ಸತ್ತವಳ ತಂಗಿ ಅವಳು. ಅಕ್ಕನನ್ನು ಕರೆದೊಯ್ಯಲು ಎರಡು ವಿಮಾನ, ಒಂದು ಹಡಗು ಹತ್ತಿ ಮೊನ್ನೆಯಷ್ಟೇ ಬಂದಿದ್ದಳು. ಪೆಟ್ರಾ ಕೊಟ್ಟ ಮೂರು ಉಣ್ಣೆಯ ಅಂಗಿಗಳನ್ನು ಒಂದರ ಮೇಲೊಂದು ತೊಟ್ಟಿದ್ದರಿಂದ ಅವಳ ಕೈಗಳು ಕೆಳಗಿಳಿಯುತ್ತಲೇ ಇರಲಿಲ್ಲ.

"ದಕ್ಷಿಣದ್ದು, ಚಿಕ್ಕಮ್ಮ," ಎಂದಳು ಗುನ್ವೋರಳ ಮಗಳು ಲೈಲಾ. "ಅಂದ್ರೆ ನಿಮ್ಮ ಬಲಗೈ ಕಡೇದು. ಈಗ ಬಲಗೈ. ವಾಪಸ್ ಬರುವಾಗ ಎಡಗೈ ಆಗುತ್ತೆ."

"ದೇವರೇ," ಎಂದಳು ಟೋರ್ಡಿಸ್. "ಇಲ್ಲಿ ಅಕ್ಕ ಹೇಗೆ ಬದುಕಿದಳೋ!"

ದೇಶದ ಉತ್ತರ ತುದಿಯ ನಮ್ಮೂರು ಸ್ಕಾರ್ನೆಸ್‌ನಲ್ಲಿ ನಾವು ಎಡ, ಬಲ ಅನ್ನುವುದಿಲ್ಲ, ದಿಕ್ಕು ಹೇಳುತ್ತೇವೆ. ದೋಣಿಯವರ ಊರು, ದೋಣಿಯ ಮಾತೇ ಮನೆಯೊಳಕ್ಕೂ ಬಂದುಬಿಟ್ಟಿದೆ. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ಕಾಫಿ ಡಬ್ಬದ ಪೂರ್ವಕ್ಕಿರುತ್ತದೆ. ಹಾಸಿಗೆಯಲ್ಲಿ ಗಂಡ ಪಶ್ಚಿಮಕ್ಕೆ ಮಲಗುತ್ತಾನೆ. "ನಿನ್ನ ದಕ್ಷಿಣದ ಕೆನ್ನೆಗೆ ಬೆಣ್ಣೆ ಮೆತ್ತಿದೆ" ಅಂದರೆ ಮೂರು ವರ್ಷದ ಮಗುವೂ ಸರಿಯಾದ ಕೆನ್ನೆಯನ್ನೇ ಒರೆಸಿಕೊಳ್ಳುತ್ತದೆ. ದೇಶದ ದಕ್ಷಿಣ ಭಾಗವನ್ನು ಮಾತ್ರ ನಾವು ದಕ್ಷಿಣ ಎಂದು ಕರೆಯುವುದಿಲ್ಲ, "ಕೆಳಗೆ" ಅನ್ನುತ್ತೇವೆ. ಗುನ್ವೋರ್ ಕೆಳಗಿನವಳು. ಒಂದು ಚಳಿಗಾಲಕ್ಕೆಂದು ಟೀಚರಾಗಿ ಬಂದು ಐವತ್ತೆರಡು ಚಳಿಗಾಲ ಇಲ್ಲೇ ಕಳೆದರೂ ಕೆಳಗಿನವಳೇ. ಊರೆಲ್ಲ ಗೇಲಿ ಮಾಡಿದರೂ ಎಡಗೈ ಬಲಗೈ ಅನ್ನುತ್ತಲೇ ಎಪ್ಪತ್ತಾರು ತುಂಬಿಸಿ, ಹೊಸ ವರ್ಷದ ಮಾರನೆಯ ದಿನ ಕಣ್ಣು ಮುಚ್ಚಿದಳು.

ಚರ್ಚಿನ ಮೆಟ್ಟಿಲ ಬಳಿ ಬಂಡಿ ನಿಂತಿತು. ಆಚೆ ದಡದಿಂದ ದೋಣಿಯಲ್ಲಿ ಬಂದಿದ್ದ ಪಾದ್ರಮ್ಮ ಸಿಲ್ಯೆ ಬಾಗಿಲು ತೆರೆದು ನಿಂತು, "ಬನ್ನಿ, ಒಳಗೆ ಬನ್ನಿ, ಹನ್ನೊಂದಾಯ್ತು," ಎಂದಳು. ಒಬ್ಬರೂ ಕದಲಲಿಲ್ಲ. ಎಲ್ಲರೂ ಅವಳಿಗೆ ಬೆನ್ನು ಮಾಡಿ ಕಡಲಿನ ಮೇಲಿನ ಆಕಾಶದ ಕಡೆಗೆ ತಿರುಗಿದರು.

"ಹನ್ನೊಂದಾಯ್ತು ಅಂತಾನೇ ನಿಂತಿರೋದು, ಪಾದ್ರಮ್ಮ," ಎಂದಳು ಪೆಟ್ರಾ. "ಒಂದು ನಿಮಿಷ ತಡ್ಕೊಳ್ಳಿ. ಗುನ್ವೋರ್ ಬಯ್ತಾಳೆ."

ಸೂರ್ಯ ನವೆಂಬರ್ ಕೊನೆಯಲ್ಲಿ ಹೋದವನು ಇನ್ನೂ ಎರಡು ವಾರ ಬರುವವನಲ್ಲ. ಆದರೆ ಹನ್ನೊಂದರ ಹೊತ್ತಿಗೆ ಕಡಲಿನ ಅಂಚಿನಲ್ಲಿ ಏನೋ ಒಂದು ಬೆಳಕು ಏಳುತ್ತದೆ. ಅದರ ಬಣ್ಣ ಏನೆಂದು ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಕೂಡದು. "ಕಪ್ಪು" ಎಂದವರು ಎಲ್ಲರಿಗೂ ಕಾಫಿ ಮಾಡಿಕೊಡಬೇಕು. ಇದು ಗುನ್ವೋರ್ ಟೀಚರ್ ಮಾಡಿದ ಕಾನೂನು.

"ಹಾಲಿಗೆ ಕಾಡುಹಣ್ಣು ಹಿಸುಕಿದ ಹಾಗಿದೆ," ಎಂದಳು ಲೈಲಾ.

"ಸಾಣೆ ಹಿಡಿದ ಚಾಕು," ಎಂದ ಸ್ಟೈನಾರ್.

"ನನ್ನ ಮೊದಲನೇ ಗಂಡನ ಮೂಗು. ಜನವರಿ ತಿಂಗಳಲ್ಲಿ," ಎಂದಳು ಪೆಟ್ರಾ. ಶವಪೆಟ್ಟಿಗೆಯ ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಪಾದ್ರಮ್ಮನೂ ನಕ್ಕಳು.

ಐಲರ್ಟ್ ಬಹಳ ಹೊತ್ತು ನೋಡಿದ. "ಇವತ್ತು ಏನೂ ತೋಚ್ತಾ ಇಲ್ಲ," ಎಂದ. ಅವನಿಗೆ ವಿನಾಯಿತಿ ಕೊಟ್ಟೆವು.

ಜನ ಒಳಗೆ ಹೋಗುವಾಗ ಲೈಲಾ ಅಪ್ಪನ ತೋಳು ಹಿಡಿದು ನಿಲ್ಲಿಸಿದಳು. "ಅಪ್ಪ, ಇನ್ನೊಂದು ಸಲ ಯೋಚನೆ ಮಾಡು. ಹಡಗು ಬರೋದು ಮೂರಕ್ಕೆ. ಇನ್ನೂ ಟೈಮಿದೆ."

"ಮಾಡಿ ಆಗಿದೆ ಮಗಳೇ." ಅವನು ಕೋಟಿನ ಜೇಬಿನಿಂದ ಮಡಿಸಿದ ಚೀಟಿ ತೆಗೆದ. ಮೇಣದಬತ್ತಿ ಇಡುವ ಡ್ರಾಯರಿನಲ್ಲಿ ಸಿಕ್ಕಿದ್ದು. ಒಂದೇ ಸಾಲು: *ಐಲರ್ಟ್, ನನ್ನನ್ನು ದಕ್ಷಿಣದಲ್ಲಿ ಮಲಗಿಸು. ಜಗಳ ಬೇಡ.*

"ದಕ್ಷಿಣ ಅಂದ್ರೆ ನಮ್ಮೂರಲ್ಲಿ ನೂರಿದೆ," ಎಂದಳು ಲೈಲಾ. "ಕೆಳಗೆ ಅಂತ ಅಮ್ಮ ಬರೆದಿಲ್ಲ."

"ನಮಗೆ ನೂರು ಕಣಮ್ಮ, ಅವಳಿಗೆ ಇದ್ದಿದ್ದು ಒಂದೇ. ನಮ್ಮ ಮಾತು ಅವಳಿಗೆ ಯಾವತ್ತು ಬಂತು? ಅವಳ ದಕ್ಷಿಣ ಅಂದ್ರೆ ಅವಳ ತವರೂರು ಆರೆಂಡಾಲ್. ಅವಳ ಅಮ್ಮನ ಪಕ್ಕ." ಐಲರ್ಟ್ ಚೀಟಿಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿದ. "ಐವತ್ತೆರಡು ಚಳಿಗಾಲ ನನಗೋಸ್ಕರ ಇಲ್ಲಿದ್ಲು. ಒಂದು ಸಲ ತನಗೆ ಬೇಕಾದ್ದು ಕೇಳಿದಾಳೆ. ನನಗೆ ಕಷ್ಟ ಆಗುತ್ತೆ ಅಂತ ಹಿಡ್ಕೊಳ್ಳೋದಾ?"

ಐಲರ್ಟ್‌ನ ಹೃದಯದ ಸ್ಥಿತಿ ನೋಡಿ ವಿಮಾನವಾಗಲಿ ದೂರದ ಹಡಗಾಗಲಿ ಹತ್ತಕೂಡದು ಎಂದು ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ಆರೆಂಡಾಲ್ ಎರಡು ಸಾವಿರ ಕಿಲೋಮೀಟರ್ ಕೆಳಗೆ. ಇವತ್ತು ಮೂರು ಗಂಟೆಗೆ ಹಡಗುಕಟ್ಟೆಯಲ್ಲಿ ಕೈಬಿಟ್ಟರೆ, ಹೆಂಡತಿಯ ಗೋರಿಯನ್ನು ಅವನು ಈ ಜನ್ಮದಲ್ಲಿ ನೋಡುವ ಹಾಗಿರಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು, ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

* * *

ಆ ಮೊದಲ ಚಳಿಗಾಲದಲ್ಲಿ ಗುನ್ವೋರ್ ಡಿಸೆಂಬರ್ ಪೂರ್ತಿ ನಿದ್ದೆ ಮಾಡಿದಳು. ಶಾಲೆ ಬಿಟ್ಟ ಕೂಡಲೇ ಮಲಗುವುದು, ಎದ್ದರೆ ಅಳುವುದು. ಕಿಟಕಿಗೆ ಕಂಬಳಿ ಹೊಡೆದುಕೊಂಡಿದ್ದಳು, ಹೊರಗಿನ ಕತ್ತಲೆ ಒಳಗೆ ಬರಬಾರದಂತೆ! ಒಂದು ಭಾನುವಾರ ಹನ್ನೊಂದಕ್ಕೆ ಪೆಟ್ರಾ ಬಂದು ಕಂಬಳಿ ಕಿತ್ತುಹಾಕಿದಳು.

"ಹೊರಗೆ ಬಾ."

"ಏನಿದೆ ನೋಡೋಕೆ?"

"ಏನಿದೆ ಅಂತ ನೀನೇ ಹೇಳು. ಟೀಚರಲ್ವಾ."

ಗುನ್ವೋರ್ ಚಪ್ಪಲಿಯಲ್ಲೇ ಹಿಮದ ಮೇಲೆ ಬಂದು ನಿಂತಳು. "ಕಪ್ಪು," ಎಂದಳು.

"ಸರಿಯಾಗಿ ನೋಡು."

ನೋಡಿದಳು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. "ಶಾಯಿ ಚೆಲ್ಲಿ ನೀರು ಹಾಕಿದ ಹಾಗಿದೆ," ಎಂದಳು. "ಅಂಚಿನಲ್ಲಿ ಒಂಚೂರು ಗುಲಾಬಿ." ಮಾರನೆಯ ದಿನ ಹದಿನೇಳು ಮಕ್ಕಳನ್ನೂ ಸಾಲಾಗಿ ಹೊರಗೆ ನಿಲ್ಲಿಸಿದಳು.

ಹೊರಗೆ ಬಂದವಳು ಆಕಾಶವನ್ನು ಮಾತ್ರ ನೋಡಲಿಲ್ಲ. ಶಾಲೆಯ ಮುಂದೆ ದಿನಾ ಹಾದುಹೋಗುವ, ಇಪ್ಪತ್ತೇಳರ, ಉದ್ದ ಕಾಲಿನ ಮೀನುಗಾರನೊಬ್ಬನನ್ನೂ ನೋಡಿದಳು. ಐಲರ್ಟ್ ಮಾತಿನಲ್ಲಿ ಬಲು ಜಿಪುಣ. ಆರು ವಾರಗಳಲ್ಲಿ "ಗಾಳಿ ಇದೆ" ಎಂದು ನಾಲ್ಕು ಸಲ, "ಗಾಳಿ ಇಲ್ಲ" ಎಂದು ಎರಡು ಸಲ ಹೇಳಿದ್ದ. ಫೆಬ್ರುವರಿಯ ಒಂದು ಬೆಳಿಗ್ಗೆ ಅವನು ಹಾಯಲಿಲ್ಲ. ಗುನ್ವೋರ್ ತನಗೇನೂ ಇಲ್ಲವೆಂಬಂತೆ ಪೆಟ್ರಾಳನ್ನು ಕೇಳಿದಳು.

"ಐಲರ್ಟಾ? ದಕ್ಷಿಣಕ್ಕೆ ಹೋದ," ಎಂದಳು ಪೆಟ್ರಾ, ಬಟ್ಟೆ ಹಿಂಡುತ್ತಾ.

ಮಧ್ಯಾಹ್ನ ಶಾಲೆಗೆ ಬೀಗ ಬಿತ್ತು. ಗುನ್ವೋರ್ ಪೆಟ್ಟಿಗೆ ಎತ್ತಿಕೊಂಡು ಹಡಗುಕಟ್ಟೆಗೆ ಹೋಗಿ, ಮೂಗು ಕೆಂಪಾಗುವಷ್ಟು ಅತ್ತು, ಟಿಕೆಟ್ ಕೊಡಿ ಎಂದು ಕೂತಳು. ಊರಿನ ಅರ್ಧ ಜನ ಕಟ್ಟೆಯಲ್ಲಿದ್ದರು. ಅಷ್ಟರಲ್ಲಿ ಐಲರ್ಟ್ ಬಂದ. ಹೆಗಲ ಮೇಲೆ ಬಲೆ, ಕೈಯಲ್ಲಿ ಒಂದು ದೊಡ್ಡ ಮೀನು.

"ಎಲ್ಲಿಗೆ?" ಎಂದ.

"ನಿಮ್ಮ ಹಿಂದೆ!" ಎಂದು ಗುನ್ವೋರ್ ಎಲ್ಲರೆದುರಿಗೂ ಕಿರುಚಿದಳು. "ಒಂದು ಮಾತು ಹೇಳದೆ ದಕ್ಷಿಣಕ್ಕೆ ಹೊರಟುಹೋದಿರಲ್ಲ!"

ಐಲರ್ಟ್ ದಕ್ಷಿಣದ ಕಡೆಗೆ ನೋಡಿದ. ಆರುನೂರು ಹೆಜ್ಜೆ ಆಚೆ ದೋಣಿಮನೆಯ ಬಾಗಿಲು ಇನ್ನೂ ತೆರೆದಿತ್ತು. "ಬಲೆ ಹೊಲೀತಿದ್ದೆ," ಎಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಅಲ್ಲಿಯವರೆಗಿನ ಆಯುಷ್ಯದಲ್ಲೇ ಅತಿ ಉದ್ದವಾದ ಮಾತಾಡಿದ: "ಮೀನು ಇಬ್ಬರಿಗೆ ಆಗುತ್ತೆ."

ಮೇ ತಿಂಗಳಲ್ಲಿ ಮದುವೆ. ಆ ಹಡಗುಕಟ್ಟೆಯ ಕತೆಯನ್ನು ಊರು ಒಂದು ದಿನವೂ ಮರೆಯಲಿಲ್ಲ, ಗುನ್ವೋರಳಿಗೂ ಮರೆಯಲು ಬಿಡಲಿಲ್ಲ.

* * *

ಚರ್ಚಿನ ಕೆಲಸ ಮುಗಿಸಿ ಎಲ್ಲರೂ ಕಾಫಿಗೆ ಪಕ್ಕದ ಸಭೆಯ ಹಾಲಿಗೆ ಬಂದರು. ಪೆಟ್ಟಿಗೆ ಚರ್ಚಿನಲ್ಲೇ ಇತ್ತು. ಎರಡು ಗಂಟೆಗೆ ಅದನ್ನು ಕಟ್ಟೆಗೆ ಎಳೆದೊಯ್ಯಬೇಕು. ಸೀಗಡಿ ಹಚ್ಚಿದ ಬ್ರೆಡ್ಡು, ಬೆಣ್ಣೆ ಸಕ್ಕರೆ ಸವರಿ ಮಡಿಸಿದ ಲೆಫ್ಸೆ ರೊಟ್ಟಿ, ಏಳು ಬಗೆಯ ಕೇಕು. ಕಿಟಕಿಗೊಂದರಂತೆ ಮೇಣದಬತ್ತಿ.

ಮೊದಲು ಎದ್ದು ನಿಂತವನು ಸ್ಟೈನಾರ್. "ಮೀನಿನ ಫ್ಯಾಕ್ಟರಿ ಮುಚ್ಚಿದ ವರ್ಷ ನಾನು ಸೋಫಾ ಬಿಟ್ಟು ಏಳಲೇ ಇಲ್ಲ," ಎಂದ. "ಶಾಲೆ ಮುಚ್ಚಿದ್ದೂ ಅದೇ ವರ್ಷ. ಮೂರೇ ಮಕ್ಕಳಿದ್ದಿದ್ದು. ಸದ್ಯ, ಟೀಚರ್ ಕಾಟ ತಪ್ಪಿತು ಅಂದ್ಕೊಂಡೆ. ಹನ್ನೊಂದಕ್ಕೆ ಸರಿಯಾಗಿ ಬಾಗಿಲು ದಡದಡ! 'ಶಾಲೆ ಮುಚ್ಚಿದ್ರೆ ಆಕಾಶ ಮುಚ್ತೇನೋ? ಏಳೋ!' ನಾನು ಚಿಲಕ ಹಾಕ್ಕೊಂಡೆ. ಕಿಟಕಿಯಿಂದ ಹಿಮದ ಉಂಡೆ ಬಂತು. ಸೋಫಾ ಮೇಲೆ. ಹೊಟ್ಟೆ ಮೇಲೆ. ಎದ್ದೆ, ಏನ್ಮಾಡೋದು? ಇಡೀ ಚಳಿಗಾಲ ದಿನಾ ಎಬ್ಬಿಸಿದ್ಲು. ಇಲ್ಲದಿದ್ರೆ ನಾನು ಇವತ್ತು…" ಅವನು ಲೋಟ ಎತ್ತಿ ಒಂದು ಗುಟುಕು ಕಾಫಿ ಕುಡಿದ. "ಇವತ್ತು ಗಾಡಿ ಹೂತುಹಾಕೋಕೂ ನಾನು ಇರ್ತಿರಲಿಲ್ಲ."

ಜನ ನಗುತ್ತಲೇ ಕಣ್ಣೊರೆಸಿಕೊಂಡರು. ಒಬ್ಬೊಬ್ಬರದೂ ಒಂದೊಂದು ಕತೆ ಇತ್ತು. ಯಾರದೋ ಬಾಣಂತನದಲ್ಲಿ, ಯಾರದೋ ಗಂಡ ಕಡಲಿನಿಂದ ಬಾರದ ವರ್ಷದಲ್ಲಿ, ಹನ್ನೊಂದಕ್ಕೆ ಬಾಗಿಲು ಬಡಿದವಳು ಅವಳೇ.

ಟೋರ್ಡಿಸ್ ಕಾಫಿ ಲೋಟ ಕೆಳಗಿಟ್ಟಳು. "ನಾನೂ ಒಂದು ಮಾತು ಹೇಳಬಹುದೇ?" ಎಂದಳು. ಅವಳ ಮಾತು ಇಸ್ತ್ರಿ ಹಾಕಿದ ಹಾಗೆ ನೆಟ್ಟಗಿತ್ತು. "ಅಕ್ಕ ಪ್ರತಿ ಬೇಸಿಗೆಯಲ್ಲೂ ಎರಡು ವಾರ ನಮ್ಮ ಮನೆಗೆ ಬರುತ್ತಿದ್ದಳು. ಹತ್ತನೆಯ ದಿನಕ್ಕೆ ಶುರು. 'ಟೋರ್ಡಿಸ್, ನಿಮ್ಮೂರಲ್ಲಿ ಜುಲೈ ತಿಂಗಳಲ್ಲೂ ಕತ್ತಲಾಗುತ್ತಲ್ಲೇ! ನಮ್ಮೂರಲ್ಲಿ ಆಗ ರಾತ್ರಿಯೂ ಸೂರ್ಯ ಇರ್ತಾನೆ. ಜನ ಹೇಗೆ ಬದುಕ್ತೀರಿ?' ನಮ್ಮನ್ನೇ ಕೇಳುತ್ತಿದ್ದಳು, ನಮ್ಮನ್ನೇ!"

ಹಾಲಿನ ತುಂಬ ನಗು. ನಗು ನಿಂತ ಮೇಲೆ ಟೋರ್ಡಿಸ್ ಐಲರ್ಟ್‌ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. "ಭಾವ, ಆ ಚೀಟಿಯ ವಿಷಯ ಲೈಲಾ ಫೋನಿನಲ್ಲಿ ಹೇಳಿದಾಗ ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅಮ್ಮನ ಪಕ್ಕದ ಜಾಗ ಅವಳಿಗೆಂದೇ ಬಿಟ್ಟಿದ್ದೆವು. ಆದರೆ ಇಲ್ಲಿ ಬಂದು ನೋಡಿದ ಮೇಲೆ… ನೀವು ಬೇಡ ಅಂದರೆ ನಾನು ಒಬ್ಬಳೇ ಹೋಗುತ್ತೇನೆ."

"ಇಲ್ಲ," ಎಂದ ಐಲರ್ಟ್. ಲೆಫ್ಸೆಯ ತುಂಡು ಅವನ ತಟ್ಟೆಯಲ್ಲಿ ಹಾಗೇ ಇತ್ತು. "ಬರೆದಿದಾಳೆ. ಮಾತಿಗೆ ತಪ್ಪೋಕಾಗಲ್ಲ. ಅಲ್ಲಿ ಒಂದು ದೀಪ ಹಚ್ಚು, ಸಾಕು. ನವೆಂಬರ್‌ನಲ್ಲಿ. ಅವಳಿಗೆ ನವೆಂಬರ್ ಆಗ್ತಿರಲಿಲ್ಲ."

ಟೋರ್ಡಿಸ್ ಅವನ ಕೈ ಮೇಲೆ ಕೈಯಿಟ್ಟಳು. ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಸ್ಟೈನಾರ್ ಮತ್ತು ಜೊತೆಯವರು ಕೈಗವಸು ಹಾಕಿಕೊಳ್ಳಲು ಎದ್ದರು.

ಆಗ ಹಾಲಿನ ಬಾಗಿಲು ಗೋಡೆಗೆ ಅಪ್ಪಳಿಸಿತು.

"ಹೆಣ ಎಲ್ರೋ?"

ಬಾಗಿಲಲ್ಲಿ ನಿಂತಿದ್ದವನು ಓಡ್ವಾರ್, ನಮ್ಮ ಗುಂಡಿ ತೋಡುವವನು. ಮುಖದ ತುಂಬ ಮಸಿ, ಗಡ್ಡದ ತುಂಬ ಮಂಜು, ಕಂಕುಳಲ್ಲಿ ಒಂದು ಹಲಗೆ. ಕೋಡುಗಲ್ಲಿನ ಆಚೆ, ಸ್ಮಶಾನದ ಪಕ್ಕ ಒಬ್ಬನೇ ಇರುತ್ತಾನೆ. ಕಿವಿ ಮಂದ. ಫೋನು ಅಂದರೆ ಆಗದು. ಕತ್ತಲೆಯ ತಿಂಗಳುಗಳಲ್ಲಿ ಊರೊಳಗೆ ಬರುವುದು ಹದಿನೈದು ದಿನಕ್ಕೊಮ್ಮೆ.

"ಬೆಳಗ್ಗೆ ಐದಕ್ಕೆ ಎದ್ದಿದೀನಿ!" ಎಂದು ಕೂಗಿದ. "ಹಿಮ ತೆಗೆದು, ದಾರಿಯುದ್ದಕ್ಕೂ ದೀಪ ಹಚ್ಚಿ, ಮೂರು ಮೂಟೆ ಸೌದೆ ಸುಟ್ಟು ಕಾಯ್ತಾ ಇದೀನಿ. ನೀವು ಇಲ್ಲಿ ಕೇಕ್ ತಿಂತಾ ಕೂತಿದೀರ! ಗುನ್ವೋರ್ ಎಲ್ಲಿ?"

ಪಾದ್ರಮ್ಮ ಸಿಲ್ಯೆ ಕೆಂಪಾದಳು. "ಅಯ್ಯೋ, ಗುರುವಾರ ಅಂತ್ಯಕ್ರಿಯೆ ಅಂತ ನಾನೇ ಚೀಟಿ ಕಳಿಸಿದ್ದೆ. ಹೂಳೋದು ಇಲ್ಲಿ ಅಲ್ಲ ಅಂತ ಬರೆಯೋದು ಮರೆತೆ."

"ಅವಳು ಕೆಳಗೆ ಹೋಗ್ತಾಳೆ, ಓಡ್ವಾರ್!" ಎಂದು ಪೆಟ್ರಾ ಅವನ ಕಿವಿಯ ಬಳಿ ಕೂಗಿದಳು. "ಹಡಗಲ್ಲಿ! ಆರೆಂಡಾಲ್‌ಗೆ!"

"ಯಾರು ಹೇಳಿದ್ದು?"

"ಅವಳೇ ಬರೆದಿಟ್ಟಿದಾಳೆ. ದಕ್ಷಿಣದಲ್ಲಿ ಮಲಗಿಸು ಅಂತ!"

ಓಡ್ವಾರ್ ಅವಳನ್ನು, ಆಮೇಲೆ ಐಲರ್ಟ್‌ನನ್ನು, ಆಮೇಲೆ ಇಡೀ ಹಾಲನ್ನು, ಇವರೆಲ್ಲರಿಗೂ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದ. "ಮತ್ತೆ ನಾನು ಆಗಿನಿಂದ ಏನು ಬಾಯಿ ಬಡ್ಕೊಳ್ತಾ ಇದೀನಿ?" ಎಂದ. "ದಕ್ಷಿಣದ್ದೇ ಅಲ್ವಾ ನಾನು ರೆಡಿ ಮಾಡಿರೋದು!"

* * *

ನೆಲ ಕಲ್ಲಾಗುವ ಮೊದಲು, ಸೆಪ್ಟೆಂಬರಿನಲ್ಲೇ, ಓಡ್ವಾರ್ ಚಳಿಗಾಲಕ್ಕೆಂದು ಮೂರು ಗುಂಡಿ ತೋಡಿಟ್ಟು ಹಲಗೆ ಮುಚ್ಚುತ್ತಾನೆ. ಉತ್ತರದ್ದು, ನಡುವಿನದು, ದಕ್ಷಿಣದ್ದು. ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ಆದರೂ ಸೆಪ್ಟೆಂಬರಿನಲ್ಲಿ ಅವನ ಸನಿಕೆಯ ಸದ್ದು ಕೇಳಿದರೆ ವಯಸ್ಸಾದವರು ಆ ಕಡೆ ವಾಕಿಂಗ್ ಹೋಗುವುದಿಲ್ಲ.

ಗುನ್ವೋರ್ ಹೋದಳು. ಡಾಕ್ಟರು ಕೈಚೆಲ್ಲಿ ಒಂದು ವಾರವಾಗಿತ್ತು. ಕೈಯಲ್ಲಿ ಕಾಫಿ ಫ್ಲಾಸ್ಕು. ಮೂರೂ ಗುಂಡಿಗಳನ್ನು ಇಣುಕಿ ನೋಡಿದಳು, ಅಂಗಡಿಯಲ್ಲಿ ಬೂಟು ಆರಿಸುವವಳ ಹಾಗೆ.

"ಸೂರ್ಯ ಮೊದಲು ಬರೋದು ಯಾವುದಕ್ಕೆ?" ಎಂದು ಅವನ ಕಿವಿಯ ಬಳಿ ಬಾಗಿ ಕೇಳಿದಳು.

"ದಕ್ಷಿಣದ್ದಕ್ಕೆ. ಬೇರೆಯವಕ್ಕಿಂತ ಎರಡು ದಿನ ಮುಂಚೆ. ಗೋಡೆ ಅಲ್ಲಿ ತಗ್ಗು."

ಗುನ್ವೋರ್ ದಕ್ಷಿಣದ ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. ಕಾಫಿ ಬಗ್ಗಿಸಿ ಅವನಿಗೂ ಕೊಟ್ಟಳು. "ಚೆನ್ನಾಗಿದೆ. ಒಣಗಿದೆ. ಗಾಳಿ ಬಡಿಯಲ್ಲ. ಇದು ನಂದು, ಓಡ್ವಾರ್. ಬೇರೆ ಯಾರಾದ್ರೂ ಮುಂಚೆ ಹೋದ್ರೆ ಅವರಿಗೆ ನಡುವಿನದು ಕೊಡು."

"ಐಲರ್ಟ್‌ಗೆ ಹೇಳಿದೀಯಾ?"

"ಹುಚ್ಚಾ? ಅವನಿಗೆ ಈಗಲೇ ಹೇಳಿದ್ರೆ ದಿನಾ ಟೇಪ್ ಹಿಡ್ಕೊಂಡು ಬಂದು ಅಳೀತಾನೆ. ನೀನೂ ಹೇಳ್ಬೇಡ. ಇರೋಷ್ಟು ದಿನ ಅವನ ಜೊತೆ ನಗ್ತಾ ಇರ್ಬೇಕು ನಾನು. ಆಮೇಲೆ ಸಿಗೋ ಹಾಗೆ ಬರೆದಿಡ್ತೀನಿ."

"ನೀನು ಬರೆದ್ರೆ ಎಡಗಡೆ, ಬಲಗಡೆ ಅಂತ ಬರೀತೀಯ. ಯಾರಿಗೆ ಅರ್ಥ ಆಗುತ್ತೆ?"

"ನಿಮ್ಮ ಮಾತಲ್ಲೇ ಬರೀತೀನಿ ನೋಡ್ತಿರು," ಎಂದಳು ಗುನ್ವೋರ್. ಎಂದವಳೇ ಚೀಲದಿಂದ ಕೆಂಪು ಸೀಮೆಸುಣ್ಣ ತೆಗೆದು, ಹಲಗೆಯೊಂದನ್ನು ತೊಡೆಯ ಮೇಲೆಳೆದುಕೊಂಡಳು.

* * *

ಓಡ್ವಾರ್ ಆ ಹಲಗೆಯನ್ನು ಕೇಕುಗಳ ನಡುವೆ ಮೇಜಿನ ಮೇಲೆ ಧಡ್ಡೆಂದು ಇಟ್ಟ. ಕೆಂಪು ಅಕ್ಷರ ಸ್ವಲ್ಪ ಮಾಸಿತ್ತು. ಆದರೂ ಆ ದುಂಡಗಿನ, ಒಂದಿಷ್ಟೂ ಸಾಲು ತಪ್ಪದ ಬರಹ ಯಾರದೆಂದು ಅವಳ ಕೈಯಲ್ಲಿ ಓದಿದವರಿಗೆ ಹೇಳಬೇಕಾಗಿರಲಿಲ್ಲ. ಹಾಲಿನ ಮುಕ್ಕಾಲು ಜನ ಅವಳ ಕೈಯಲ್ಲೇ ಓದಿದವರು.

*ದಕ್ಷಿಣದ್ದು ಗುನ್ವೋರಳದು. ಬೇರೆ ಯಾರೂ ಮಲಗತಕ್ಕದ್ದಲ್ಲ.*

ಐಲರ್ಟ್ ಹಲಗೆಯ ಮೇಲೆ ಬೆರಳಾಡಿಸಿ ಎರಡು ಸಲ ಓದಿದ. ಜೇಬಿನಿಂದ ಚೀಟಿ ತೆಗೆದು ಪಕ್ಕದಲ್ಲಿಟ್ಟು ಮೂರನೆಯ ಸಲ ಓದಿದ. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಲೈಲಾ ಓಡಿಬಂದಳು. ಅವನು ಅಳುತ್ತಿರಲಿಲ್ಲ.

"ಕಲಿತುಬಿಟ್ಟಿದಾಳೆ!" ಎಂದ, ನಗುವಿಗೆ ಉಸಿರು ಸಿಗದೆ. "ಲೈಲಾ, ನಿಮ್ಮಮ್ಮ ಕಲಿತುಬಿಟ್ಟಿದಾಳೆ ಕಣೇ! ಐವತ್ತೆರಡು ವರ್ಷಕ್ಕೆ ಒಂದು ಸಲ ನಮ್ಮ ಮಾತು ಸರಿಯಾಗಿ ಬರೆದಿದಾಳೆ, ನಾನು ಕತ್ತೆ, ಅವಳನ್ನ ಹಡಗು ಹತ್ತಿಸ್ತಾ ಇದ್ದೆ!"

"ನಾನು ಹೇಳ್ಲಿಲ್ವಾ ಅಪ್ಪ?"

"ಹೇಳಿದೆ ತಾಯಿ, ಹೇಳಿದೆ."

"ಊರೇ ಕತ್ತೆ," ಎಂದಳು ಪೆಟ್ರಾ. ಮೂಗೊರೆಸಿಕೊಳ್ಳುತ್ತಾ, ನಗುತ್ತಾ, ಸ್ಟೈನಾರ್‌ನ ಬೆನ್ನಿಗೆ ಗುದ್ದುತ್ತಾ. "ಅವಳು ಇದ್ದಿದ್ರೆ ಇವತ್ತು ನಮ್ಮನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ಲು."

ಎಲ್ಲರ ಕಣ್ಣೂ ಟೋರ್ಡಿಸ್‌ಳ ಕಡೆ ತಿರುಗಿತು. ಅವಳು ಹಲಗೆಯ ಮುಂದೆ ನಿಂತಿದ್ದಳು. ಅಕ್ಕನ ಅಕ್ಷರವನ್ನು ಎಷ್ಟೋ ಹೊತ್ತು ನೋಡಿದಳು. ನೋವು ಆಗಿರಲಿಲ್ಲವೆಂದಲ್ಲ.

"ಅಮ್ಮನ ಪಕ್ಕದ ಜಾಗ ಖಾಲಿಯಾಗಿ ಉಳಿಯುತ್ತದಲ್ಲ," ಎಂದಳು. ಆಮೇಲೆ ಮೂರು ಉಣ್ಣೆಯಂಗಿಗಳ ಒಳಗಿನಿಂದ ದೊಡ್ಡದೊಂದು ಉಸಿರು ಬಿಟ್ಟಳು. "ಇರಲಿ. ಅದಕ್ಕೆ ನಾನಿದ್ದೇನೆ. ನನಗೇನೂ ಅವಸರವಿಲ್ಲ." ಕೋಟಿನ ಗುಂಡಿ ಹಾಕಿಕೊಂಡು ಬಾಗಿಲಿಗೆ ನಡೆದಳು. "ದಾರಿ ಯಾವ ಕಡೆ? ಎಡಕ್ಕೋ ಬಲಕ್ಕೋ?"

"ಉತ್ತರಕ್ಕೆ!" ಎಂದು ಇಡೀ ಹಾಲು ಒಟ್ಟಿಗೆ ಕೂಗಿತು.

ಸ್ಮಶಾನದ ದಾರಿಯಲ್ಲಿ ಈ ಸಲ ಹಗ್ಗ ಹಿಡಿಯಲು ಆರು ಜನ ಸಾಕಾಗಲಿಲ್ಲ ಎನ್ನುವ ಹಾಗೆ ಎಲ್ಲರೂ ಕೈಹಾಕಿದರು. ಹೆಂಗಸರು, ಪಾದ್ರಮ್ಮ, ಮೂರಂಗಿಯ ಟೋರ್ಡಿಸ್. ಬಂಡಿ ಕೋಡುಗಲ್ಲನ್ನು ಎಷ್ಟು ಬೇಗ ದಾಟಿತೆಂದರೆ ಐಲರ್ಟ್ ಮತ್ತೆ "ನಿಧಾನ ಕಣ್ರೋ" ಎನ್ನಬೇಕಾಯಿತು. ಮಧ್ಯಾಹ್ನದ ಬೆಳಕು ಆಗಲೇ ಇಳಿದಿತ್ತು. ಓಡ್ವಾರ್ ಹಿಮದಲ್ಲಿ ಗೂಡು ಕೊರೆದು ಇಟ್ಟ ದೀಪಗಳು ಗುಂಡಿಯವರೆಗೂ ಉರಿಯುತ್ತಿದ್ದವು.

ಪೆಟ್ಟಿಗೆ ಇಳಿಯಿತು. ಸಿಲ್ಯೆ ಪುಸ್ತಕ ತೆರೆದು ಓದಿದಳು. ಮಣ್ಣಿಗಾಗಿ ತಿರುಗಿದಾಗ ಅಲ್ಲಿ ಮಣ್ಣಿರಲಿಲ್ಲ.

"ತಡೀರಿ," ಎಂದ ಓಡ್ವಾರ್. ಪಕ್ಕದ ತನ್ನ ಗುಡಿಸಲಿನ ಬಾಗಿಲು ತೆರೆದು, ಸ್ಟೈನಾರ್‌ನ ಜೊತೆ ಒಂದೊಂದಾಗಿ ಎಂಟು ಮೀನಿನ ಪೆಟ್ಟಿಗೆಗಳನ್ನು ಹೊತ್ತು ತಂದ. ಎಂಟರ ತುಂಬವೂ ಮಣ್ಣು. ಪೆಟ್ಟಿಗೆಗಳಿಂದ ಹಬೆ ಏಳುತ್ತಿತ್ತು.

"ಇದೇನು?" ಎಂದಳು ಟೋರ್ಡಿಸ್.

"ಗುಂಡಿ ತೋಡಿದ ಮಣ್ಣು. ಒಲೆ ಪಕ್ಕ ಇಟ್ಕೊಂಡಿದ್ದೆ," ಎಂದ ಓಡ್ವಾರ್, ನಾಚಿಕೆಯಿಂದ ಬೇರೆ ಕಡೆ ನೋಡುತ್ತಾ. "ಹೊರಗಿಟ್ರೆ ಕಲ್ಲಾಗುತ್ತೆ. ಕಲ್ಲು ಮೇಲೆ ಬಿದ್ರೆ ಒಳಗಿರೋರಿಗೆ ಬಾಗಿಲು ಬಡಿದ ಹಾಗಾಗುತ್ತೆ. ನನಗಂತೂ ಆ ಸದ್ದು ಕೇಳುತ್ತೆ. ಬೇರೆ ಏನೂ ಕೇಳದಿದ್ರೂ."

ಟೋರ್ಡಿಸ್ ಕೈಗವಸು ಕಳಚಿ ಬೆರಳುಗಳನ್ನು ಮಣ್ಣಿನೊಳಗೆ ಇಳಿಸಿದಳು. "ಭಾವ," ಎಂದಳು, ತಗ್ಗಿದ ದನಿಯಲ್ಲಿ. "ಬೆಚ್ಚಗಿದೆ! ಬನ್ನಿ, ನೋಡಿ ಇಲ್ಲಿ, ಬೆಚ್ಚಗಿದೆ!"

ಐಲರ್ಟ್ ಹಿಮದ ಮೇಲೆ ಮಂಡಿಯೂರಿ ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಹೂತುಬಿಟ್ಟ. ತೆಗೆಯುವ ಆತುರವೇ ಕಾಣಲಿಲ್ಲ. ಅವನ ಪಕ್ಕದಲ್ಲಿ ಲೈಲಾ ಕೂತಳು, ಎದುರಿಗೆ ಪೆಟ್ರಾ, ಆಮೇಲೆ ಒಬ್ಬೊಬ್ಬರಾಗಿ ಊರಿನವರೆಲ್ಲ ಗವಸು ಬಿಚ್ಚಿ ಪೆಟ್ಟಿಗೆಗಳ ಸುತ್ತ ಕುಕ್ಕುರುಗಾಲಲ್ಲಿ ಕೂತು, ಮಣ್ಣಿನೊಳಗೆ ಕೈಯಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡಿ ನಗತೊಡಗಿದರು. ಸಿಲ್ಯೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಪುಸ್ತಕ ಮುಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಲ್ಲಿನಿಂದ ಕಚ್ಚಿ ತನ್ನ ಗವಸನ್ನೂ ಎಳೆದಳು.